ಮೂರು ಗೆರೆಯ ಹಲ್ಲು

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ಎರಡು ಹಲ್ಲು ಹುಟ್ಟಿದವು. ಕೂಸಿಗೆ ಹುಟ್ಟುವಂತೆಯೇ, ಕೆಳಗಿನ ಒಸಡಿನ ನಟ್ಟನಡುವೆ, ಒಂದರ ಪಕ್ಕ ಒಂದು. ಮೈ ಬಿಸಿಯಾಯಿತು, ಜೊಲ್ಲು ಸುರಿಯಿತು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಬೇಕು ಅನ್ನಿಸಿತು. ನನ್ನ ಮಗಳು ನೀಲವ್ವ ಹೊಲಿಗೆ ಯಂತ್ರದ ಮುಂದೆ ಕುಳಿತು ನಕ್ಕೇ ನಕ್ಕಳು. ತೊಟ್ಟಿಲು ಕಟ್ಟಲೇನು ಎಂದು ಕೇಳಿದಳು.

ಅವು ಬಿತ್ತಿದ ಹಲ್ಲುಗಳು. ತಾಲೂಕಿನ ಊರಿನ ಹೊರಗೆ, ಹಳೆಯ ಹತ್ತಿ ಗಿರಣಿಯ ಜಾಗದಲ್ಲಿ ಒಂದು ದಂತ ಕೇಂದ್ರ ಮಾಡಿದ್ದರು. ಅಲ್ಲಿ ನನ್ನ ಒಸಡಿನಿಂದ ಜೋಳದ ಕಾಳಿನಷ್ಟು ಚೂರು ತೆಗೆದುಕೊಂಡರು. ಮನುಷ್ಯನ ಮೈಯ ಒಂದೊಂದು ಕಣವೂ ತಾಯಿಯ ಹೊಟ್ಟೆಯಲ್ಲಿದ್ದಾಗ ಏನು ಬೇಕಾದರೂ ಆಗಬಲ್ಲದಾಗಿತ್ತಂತೆ. ಆಮೇಲೆ ನೀನು ಚರ್ಮ, ನೀನು ಎಲುಬು ಎಂದು ಮೈಯೇ ಅದಕ್ಕೆ ಕೆಲಸ ಹಚ್ಚಿ ಕಳಿಸಿರುತ್ತದೆ. ಇವರು ಆ ಚೂರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ, ಕೂಸಿನ ಕಾಲಕ್ಕೆ ಒಯ್ದು, ಈಗ ನೀನು ಹಲ್ಲಾಗು ಎಂದು ಮತ್ತೆ ಕಳಿಸುತ್ತಾರೆ. ಎರಡು ತಿಂಗಳಿಗೆ ಸಾಸಿವೆಯಷ್ಟು ದಪ್ಪದ ಬೀಜವಾಯಿತು. ಅಂಥ ಇಪ್ಪತ್ತೆಂಟು ಬೀಜಗಳನ್ನು ನನ್ನ ದವಡೆಯ ಎಲುಬಿನಲ್ಲಿ ಗುಳಿ ತೋಡಿ ಇಟ್ಟರು. ಬೆಳೆ ಕೈಗೆ ಬರಲು ಹದಿನಾಲ್ಕು ತಿಂಗಳು.

ನಮ್ಮ ಮಸರಿಕಟ್ಟಿಯಿಂದ ಹದಿನೆಂಟು ಜನರನ್ನು ಆರಿಸಿಕೊಂಡಿದ್ದರು. ಎಲ್ಲರೂ ಬೊಚ್ಚು ಬಾಯಿಯವರು. ನಮ್ಮೂರ ಬೋರಿನ ನೀರಿನಲ್ಲಿ ವಿಷವಿದೆ. ಮಕ್ಕಳಿದ್ದಾಗಲೇ ಹಲ್ಲಿಗೆ ಕಂದು ಬಣ್ಣ ಕೂರುತ್ತದೆ, ಗುಂಡಿ ಬೀಳುತ್ತದೆ, ಐವತ್ತರ ಹೊತ್ತಿಗೆ ಉದುರುತ್ತದೆ. ಬಸ್ಸಿನಲ್ಲಿ ನಾವು ಬಾಯಿ ತೆರೆದರೆ ಟಿಕೆಟ್ ಕೊಡುವವನು ಊರು ಕೇಳುತ್ತಿರಲಿಲ್ಲ. ನಾನು ಹತ್ತೊಂಬತ್ತು ವರ್ಷ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿದವಳು. ಇಂಥ ಬಾಯಿಯಲ್ಲಿ ಬಿಳಿ ಹಲ್ಲು ಬೆಳೆದು ತೋರಿಸಿದರೆ ಮಿಕ್ಕ ಯಾವ ಬಾಯಿಯಲ್ಲೂ ಬೆಳೆದೀತು ಎಂಬುದು ಕೇಂದ್ರದವರ ಲೆಕ್ಕಾಚಾರ.

ಒಂದೇ ಕರಾರು. ಹಲ್ಲು ಬೆಳೆಯುವಷ್ಟು ದಿನ ಕೇಂದ್ರದ ನೀರನ್ನೇ ಕುಡಿಯಬೇಕು. ಅನ್ನ ಸಾರಿಗೂ ಅದೇ ನೀರು. ಬೀಜದ ಹಲ್ಲು ಆರು ವರ್ಷದ ಕೆಲಸವನ್ನು ಒಂದು ವರ್ಷದಲ್ಲಿ ಮಾಡುತ್ತದೆ. ಗೋಡೆಗೆ ಸುಣ್ಣ ಬಳಿದಂತೆ ದಿನಕ್ಕೊಂದು ಪದರ. ಆ ದಿನ ಕುಡಿದ ನೀರು ಆ ದಿನದ ಪದರದಲ್ಲಿ ಕೂರುತ್ತದೆ. ಅದನ್ನು ಓದುವ ಯಂತ್ರ ಅವರಲ್ಲಿತ್ತು. ಹೊರಗೆ ನೀರು ಕುಡಿದು ಕಲೆ ಬಿದ್ದರೆ ಹಲ್ಲು, ಬೀಜ ಎಲ್ಲವನ್ನೂ ಕಿತ್ತುಕೊಂಡು ಗುಂಪಿನಿಂದ ಹೊರಗೆ ಹಾಕುತ್ತೇವೆ ಎಂದು ಓದಿ ಹೇಳಿ ಹೆಬ್ಬೆರಳು ಒತ್ತಿಸಿಕೊಂಡಿದ್ದರು.

ನೀರು ನೀಲಿ ಕ್ಯಾನಿನಲ್ಲಿ ಬರುತ್ತಿತ್ತು. ಮುಚ್ಚಳ ತೆಗೆದ ಹೊತ್ತು ತಾನಾಗಿ ಕೇಂದ್ರಕ್ಕೆ ಗೊತ್ತಾಗುತ್ತಿತ್ತು. ತರುವವನು ಹನುಮೇಶ, ಐವತ್ತು ದಾಟಿದ, ಬಾಯಿ ಕೆಟ್ಟ ಮನುಷ್ಯ. ಕ್ಯಾನು ಇಳಿಸುವಾಗ, ಬೊಚ್ಚವ್ವಗೋಳ ಹಾಲ ಬಂತು ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಕೇಳಿದವರಿಗೆ ಇದು ಸಣ್ಣ ಕರಾರು. ಆದರೆ ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಬಂದವನು ವೈರಿಯಾದರೂ ಸರಿ. ಕೊಡದಿದ್ದರೆ ಅದು ಮನೆಯಲ್ಲ, ಕುಡಿಯದಿದ್ದರೆ ಬಂದವನು ಮನುಷ್ಯನಲ್ಲ. ನಾವು ಹದಿನೆಂಟು ಜನ ಹೋದಲ್ಲೆಲ್ಲ ತಂಬಿಗೆ ಮುಟ್ಟದೆ ಎದ್ದು ಬಂದೆವು. ನಮ್ಮಲ್ಲೊಬ್ಬನ ಬೀಗರು ಅಷ್ಟಕ್ಕೇ ಮಾತು ಬಿಟ್ಟರು. ಆರು ತಿಂಗಳು ಕಳೆಯುವುದರೊಳಗೆ ಊರಿನವರು ನಮ್ಮನ್ನು ಕರೆಯುವುದನ್ನೇ ನಿಲ್ಲಿಸಿದರು. ಹಲ್ಲು ಬಂದ ಮೇಲೆ ಯಾರ ಮನೆಯಲ್ಲಿ ಉಣ್ಣುತ್ತಾರೋ ನೋಡೋಣ ಎಂದು ಅಂಗಡಿಯ ಕಟ್ಟೆಯಲ್ಲಿ ಆಡಿಕೊಂಡರು.

ತಂಬಿಗೆ ಬಿಡುವುದು ನನಗೆ ಹೊಸದಾಗಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ತಂಬಿಗೆ ನೀರನ್ನು ನೆರೆದ ಜನರ ಮುಂದೆ ಅಂಗಳಕ್ಕೆ ಚೆಲ್ಲಿದವಳು ನಾನು.

ಅದು ನನ್ನ ವಾರಗಿತ್ತಿ ಫಕೀರವ್ವ ಕೊಟ್ಟ ನೀರು. ನನ್ನ ಗಂಡನ ತಮ್ಮ ಸಂಗಪ್ಪನ ಹೆಂಡತಿ ಅವಳು. ನಮ್ಮ ಮಾವ ಸಾಯುವ ಹಿಂದಿನ ವರ್ಷ ಹೊಲದ ಮನೆಯ ಹಿತ್ತಲಲ್ಲಿ ಒಂದು ಬಾವಿ ತೋಡಿಸಿದ್ದ. ಊರಿನ ಬೋರಿನ ನೀರು ನಾಲಿಗೆಗೆ ಸವಳು, ಆ ಬಾವಿಯದು ಎಳನೀರಿನಂತೆ ಸಿಹಿ. ಪಾಲಾದಾಗ ಹೊಲದ ಮನೆಯೂ ಬಾವಿಯೂ ತಮ್ಮನಿಗೆ ಹೋದವು, ಊರ ಮನೆ ನಮಗೆ ಬಂತು. ನನ್ನ ನೀಲವ್ವನಿಗೆ ಆಗ ಏಳು ವರ್ಷ. ಕುಡಿಯುವುದಕ್ಕಾದರೂ ಎರಡು ಕೊಡ ಬಿಡಿರಿ ಎಂದು ಕೇಳಿದೆವು. ಸಂಗಪ್ಪ ನೆಲ ನೋಡಿದ, ಫಕೀರವ್ವ ಅದನ್ನು ಆಮೇಲೆ ನೋಡೋಣ ಎಂದು ಬೆಲ್ಲ ನೀರು ತಂದು ಹಿಡಿದಳು. ನಾನು ಚೆಲ್ಲಿದೆ. ಮರುದಿನ ಬಾವಿಗೆ ಮುಳ್ಳಿನ ಬೇಲಿ ಬಂತು, ಬೇಲಿಗೆ ಕೀಲಿ ಬಂತು.

ನೀಲವ್ವ ಬೋರಿನ ನೀರು ಕುಡಿದು ಬೆಳೆದಳು. ಹನ್ನೆರಡಕ್ಕೆ ಅವಳ ಎರಡೂ ಮೊಣಕಾಲು ಒಳಕ್ಕೆ ಬಾಗಿದವು. ಅವಳು ಮೊದಲ ಸಲ ಗೋಡೆ ಹಿಡಿದು ನಡೆದ ದಿನ ನಾನು ಹೊಲದ ಮನೆಯ ಮುಂದೆ ಹೋಗಿ ನಿಂತು ಮಣ್ಣು ತೂರಿದೆ. ನನ್ನ ಮಗಳ ಕಾಲು ಬಗ್ಗಿದ ಹಾಗೆ ನಿನ್ನ ಕುತ್ತಿಗೆ ಎಂದೂ ಬಗ್ಗದಿರಲಿ, ಸೆಟೆದೇ ನಿಲ್ಲಲಿ ಎಂದೆ.

ಏಳೆಂಟು ವರ್ಷ ಕಳೆದ ಮೇಲೆ ಫಕೀರವ್ವನ ಕುತ್ತಿಗೆ ಸೆಟೆಯಿತು. ಆಮೇಲೆ ಬೆನ್ನು. ಯಾರನ್ನಾದರೂ ನೋಡಬೇಕೆಂದರೆ ಮೈಯನ್ನೆಲ್ಲ ತಿರುಗಿಸಬೇಕು. ಊರು ನನ್ನ ಬಾಯಿಗೆ ಹೆದರಿತು. ಅಂಗಡಿಯವನು ನನಗೆ ತೂಕದಲ್ಲಿ ಮೋಸ ಮಾಡುವುದನ್ನು ಬಿಟ್ಟ, ಜಗಳವಾದರೆ ಹೆಂಗಸರು ನನ್ನ ಎದುರಿಗೆ ದನಿ ತಗ್ಗಿಸಿದರು. ನನಗೂ ಅದು ಹಿತವಾಗಿತ್ತು. ಬಾಯಿಯಲ್ಲಿ ಹಲ್ಲಿಲ್ಲದಿದ್ದರೂ ಅದಕ್ಕೊಂದು ಬಲವಿತ್ತು.

ಫಕೀರವ್ವನ ಹಲ್ಲುಗಳು ಮಾತ್ರ ಒಂದೂ ಉದುರಲಿಲ್ಲ. ಅರವತ್ತೈದರಲ್ಲೂ ಜೋಡಿಸಿಟ್ಟ ಅವರೆಕಾಳಿನಂತೆ ಬೆಳ್ಳಗಿದ್ದವು. ಸಂಗಪ್ಪನ ಹಲ್ಲು ನಮ್ಮೆಲ್ಲರಂತೆ ಚಿಕ್ಕಂದಿನಲ್ಲೇ ಕೆಟ್ಟಿತ್ತು. ಮಕ್ಕಳು ಅವರಿಗಾಗಲಿಲ್ಲ. ಹೀಗಾಗಿ ಆ ಬಾವಿ ಅಮೃತ ಅನ್ನುವುದಕ್ಕೆ ಅವಳ ಬಾಯಿಯೇ ಊರಿಗೆ ಸಾಕ್ಷಿಯಾಯಿತು. ಸರಕಾರದವರು ಬಾಟಲಿ ಹಿಡಿದು ಎಲ್ಲ ನೀರು ಪರೀಕ್ಷೆ ಮಾಡಿ ಬೋರಿಗೆ ಕೆಂಪು ಬಣ್ಣ ಬಳಿದು ಹೋದ ವರ್ಷ, ಸಿಹಿ ನೀರಿಗೆ ಯಾತರ ಪರೀಕ್ಷೆ ಎಂದು ಆಕೆ ಕೀಲಿ ತೆಗೆಯಲೇ ಇಲ್ಲ.

ನನ್ನ ಬಾಯಿಯಲ್ಲಿ ಬೀಜ ಬಿತ್ತಿ ಏಳು ತಿಂಗಳಾಗಿದ್ದಾಗ ಸಂಗಪ್ಪ ಸತ್ತ.

ಮಣ್ಣಿಗೆ ಹೋಗದೆ ಇರಲಾಗುವುದಿಲ್ಲ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಣ್ಣು ಮಾಡಿ ಬಂದ ಮೇಲೆ ಮನೆಯ ಹಿರಿಯ ಹೆಂಗಸು ಸತ್ತ ಮನೆಯ ನೀರನ್ನು ಮೊದಲು ಕುಡಿದು ತಂಬಿಗೆಯನ್ನು ಮುಂದಕ್ಕೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಬಾಯಿ ತೇವ ಮಾಡಿಕೊಳ್ಳುವಂತಿಲ್ಲ. ಮೂರು ದಿನ ಹಿರಿಯಳು ಅಲ್ಲೇ ಇದ್ದು ಅದೇ ನೀರು ಕುಡಿಯಬೇಕು. ಅತ್ತೆ ಇರುವವರೆಗೆ ಅತ್ತೆ ಮಾಡುತ್ತಿದ್ದಳು. ಈಗ ಹಿರಿಯಳು ನಾನೇ.

ಬೇಸಿಗೆ. ನೆರೆದ ನೆಂಟರ ತುಟಿಗಳೆಲ್ಲ ಒಣಗಿದ್ದವು. ಫಕೀರವ್ವ ಮುಂಜಾನೆಯಿಂದ ನೀರು ಮುಟ್ಟಿರಲಿಲ್ಲ. ಯಾರೋ ಬಾವಿಯ ನೀರು ಸೇದಿ ತಂಬಿಗೆ ತಂದು ನನ್ನ ಮುಂದೆ ಇಟ್ಟರು. ಅಷ್ಟು ಜನರ ಕಣ್ಣು ನನ್ನ ಕೈಮೇಲೆ ಇತ್ತು. ಚೆಲ್ಲುತ್ತಾಳೆ ಎಂದು ಅವರು ಕಾಯುತ್ತಿದ್ದರು, ಕೆಲವರಿಗೆ ಅದು ಬೇಕಾಗಿಯೂ ಇತ್ತು. ನನಗೆ ಕರುಣೆ ಬಂತು ಅಂದರೆ ಸುಳ್ಳಾದೀತು. ಎರಡು ಸಲ ಚೆಲ್ಲಿದವಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಕರಾರು ನೆನಪಿಗೆ ಬಂತು. ಅದು ಬೋರಿನ ಕೆಟ್ಟ ನೀರಿಗೆ ಮಾಡಿದ ಕರಾರು, ಇದು ಸಿಹಿ ನೀರು, ಇದರಿಂದ ಹಲ್ಲಿಗೆ ಏನಾದೀತು ಎಂದುಕೊಂಡೆ. ಕುಡಿದೆ. ತಂಬಿಗೆಯನ್ನು ಫಕೀರವ್ವನ ಕೈಗೆ ಕೊಟ್ಟೆ. ಅವಳು ನನ್ನ ಕಡೆ ಮೈ ತಿರುಗಿಸಲಿಲ್ಲ.

ಮೂರು ದಿನ ಒಂದೇ ಮನೆಯಲ್ಲಿದ್ದೆವು, ಒಂದು ಮಾತೂ ಆಡಲಿಲ್ಲ. ಇತ್ತ ಊರ ಮನೆಯಲ್ಲಿ ನೀಲವ್ವ ನನ್ನ ಕ್ಯಾನಿನ ಮುಚ್ಚಳವನ್ನು ದಿನವೂ ಹೊತ್ತಿಗೆ ಸರಿಯಾಗಿ ತೆಗೆದು, ಆ ನೀರನ್ನು ತಾನು ಕುಡಿದು ಬೇಳೆಗೂ ಹಾಕಿದ್ದಳು. ಕೇಂದ್ರದವರಿಗೆ ಸಂಶಯ ಬರಬಾರದೆಂದು ಅವಳ ಜಾಣತನ.

ಹತ್ತನೆಯ ತಿಂಗಳಲ್ಲಿ ಆ ಎರಡು ಹಲ್ಲು ಹೊರಗೆ ಬಂದ ಮೇಲೆ ಅವನ್ನು ಓದುವ ದಿನ ಬಂತು.

ನಮ್ಮ ಗುಂಪನ್ನು ನೋಡಿಕೊಳ್ಳುವವಳು ಡಾಕ್ಟರ್ ಅನ್ವಿತಾ. ಮೂವತ್ತು ಮೂವತ್ತೆರಡು ವಯಸ್ಸು. ದವಡೆಯ ಕೆಲಸದಲ್ಲಿ ಅವಳಂಥ ಕೈ ಈ ನಾಡಿನಲ್ಲಿಲ್ಲ ಎಂದು ಕೇಂದ್ರದವರೇ ಹೇಳುತ್ತಿದ್ದರು. ನಿಜವೇ ಇದ್ದೀತು. ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ಹದಿನೊಂದು.

ಕತ್ತಲೆ ಕೋಣೆಯಲ್ಲಿ ಕೂಡಿಸಿ ಬೆಂಡೆಕಾಯಿಯಷ್ಟು ದಪ್ಪದ ದೀಪವನ್ನು ಹಲ್ಲಿಗೆ ಹಿಡಿದರು. ಎದುರಿನ ಗೋಡೆಯ ಮೇಲೆ ನನ್ನ ಹಲ್ಲು ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ರೊಟ್ಟಿಗಳಂತೆ ಬಿಳಿಯ ಪದರಗಳು. ಅವುಗಳ ನಡುವೆ ಒಂದು ಕಡೆ ಮೂರು ಗೆರೆ. ಸುಟ್ಟ ಬೆಲ್ಲದ ಬಣ್ಣ.

ಡಾಕ್ಟರು ಯಂತ್ರವನ್ನು ಕೇಳಿದಳು, ಅದು ದಿನ ಹೇಳಿತು. ಬಿತ್ತಿದ ಇನ್ನೂರ ಹನ್ನೆರಡು, ಹದಿಮೂರು, ಹದಿನಾಲ್ಕನೆಯ ದಿನ. ಆಮೇಲೆ ವಿಷದ ಅಳತೆ ಹೇಳಿತು. ಅವಳು ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆಯೂ ಅದೇ ಬಂತು.

"ನಿಮ್ಮೂರಲ್ಲಿ ಕೆಂಪು ಬಳಿದ ಬೋರ್ ಇದೆಯಲ್ಲ, ಈ ನೀರು ಅದಕ್ಕಿಂತ ಎರಡು ಪಟ್ಟು ಕೆಟ್ಟದು" ಎಂದಳು. "ಎಲ್ಲಿ ಕುಡಿದ್ರಿ?"

ಬೆರಳು ಮಡಿಸಿ ಎಣಿಸಬೇಕಾಗಲಿಲ್ಲ. ಸಂಗಪ್ಪನ ಮಣ್ಣಾದ ದಿನ, ಮರುದಿನ, ಮೂರನೆಯ ದಿನ. ಎರಡು ಪಟ್ಟು ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಡಾಕ್ಟರೇ ಮುಂದುವರಿಸಿದಳು. ಮೂರು ದಿನವೂ ಕ್ಯಾನಿನ ಮುಚ್ಚಳ ಹೊತ್ತಿಗೆ ಸರಿಯಾಗಿ ತೆರೆದಿದೆ, ಅಂದರೆ ಅಜ್ಜಿ ಕ್ಯಾನಿನ ನೀರನ್ನೇ ಕುಡಿದಿದ್ದಾಳೆ, ಅಂದರೆ ಕ್ಯಾನಿನಲ್ಲೇ ಬೇರೆ ನೀರಿತ್ತು. ಬಾಗಿಲ ಬಳಿ ಹನುಮೇಶನನ್ನು ಕರೆಸಿ ನಿಲ್ಲಿಸಿದಳು. ಕೇಂದ್ರದ ನೀರನ್ನು ದಾರಿಯಲ್ಲಿ ಮಾರಿಕೊಂಡು ಎಲ್ಲಿಯದೋ ಹೊಲಸು ನೀರು ತುಂಬಿದ್ದಾನೆ ಎಂದು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದಳು. ಅವನು ಕೈಮುಗಿದು ಇಲ್ಲ ಎಂದ. ಅವಳು ಅವನ ಕಡೆ ನೋಡದೆ ನನಗೆ ಹೇಳಿದಳು.

"ಕ್ಯಾನಿನ ತಪ್ಪಾದ್ರೆ ಇವನು ಹೋಗ್ತಾನೆ, ನಿಮ್ಮ ಹಲ್ಲಿಗೇನೂ ಇಲ್ಲ. ನೀವು ಹೊರಗೆ ಕುಡಿದಿದ್ರೆ ಎಲ್ಲ ತೆಗೀತೀನಿ. ಹಲ್ಲು ಸುಳ್ಳು ಹೇಳಲ್ಲ ಅಜ್ಜಿ, ಬಾಯಿ ಹೇಳತ್ತೆ."

ನೆನಪಿಲ್ಲ ಎಂದೆ. ಜೀವಮಾನದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಗುರುವಾರದವರೆಗೆ ಸಮಯ ಕೊಡುತ್ತೇನೆ, ನೆನಪು ಮಾಡಿಕೊಂಡು ಬನ್ನಿ ಎಂದಳು.

ಏಳುವ ಮೊದಲು ಒಂದು ಕೇಳಿದೆ. ಬೇರೆ ಊರಲ್ಲಿ ಹುಟ್ಟಿ ಬೆಳೆದು, ದೊಡ್ಡವಳಾದ ಮೇಲೆ ಇಲ್ಲಿಗೆ ಬಂದು ಇಂಥ ನೀರು ಕುಡಿದರೆ ಹಲ್ಲು ಕೆಡುವುದಿಲ್ಲವೇ ಎಂದು. ಕೈಗವಸು ಕಳಚುತ್ತ ಅವಳು ಹೇಳಿದಳು. ಹಲ್ಲು ಒಮ್ಮೆ ಬೆಳೆದು ಮುಗಿದ ಮೇಲೆ ನೀರು ಅದಕ್ಕೆ ಏನೂ ಮಾಡುವುದಿಲ್ಲ. ಎಲುಬಿಗೆ ಮಾಡುತ್ತದೆ. ಕುತ್ತಿಗೆ, ಬೆನ್ನು ಮೊದಲು ಸೆಟೆಯುತ್ತವೆ. ಕೊನೆಗೆ ಹಾಸಿಗೆಯಿಂದ ಏಳಲಾಗುವುದಿಲ್ಲ. ಬೇಗ ನೀರು ಬಿಡಿಸಿದರೆ ಅಷ್ಟಕ್ಕೇ ನಿಂತೀತು.

ಫಕೀರವ್ವ ತುಂಗಭದ್ರೆಯ ದಂಡೆಯ ಊರಿನಿಂದ ಹತ್ತೊಂಬತ್ತನೆಯ ವಯಸ್ಸಿಗೆ ನಮ್ಮ ಮನೆಗೆ ಬಂದವಳು.

ಮರಳಿ ಬರುವಾಗ ಹನುಮೇಶನ ಗಾಡಿಯಲ್ಲೇ ಬಂದೆ. ಅರ್ಧ ದಾರಿಯಲ್ಲಿ ಅವನು, ನಾನು ಒಂದು ಕ್ಯಾನು ಬಿಚ್ಚಿದ್ದರೆ ಈ ಕೈಗೆ ಹುಳ ಬೀಳಲಿ ಎಂದ. ಇಳಿಯುವಾಗ ಅವನು ಬೊಚ್ಚವ್ವ ಎಂದೂ ಅನ್ನಲಿಲ್ಲ.

ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಯುತ್ತಿದ್ದ ಕುಪ್ಪಸವನ್ನು ಸೂಜಿಯ ಕೆಳಗೇ ಬಿಟ್ಟು ಕೇಳಿದಳು. ಮುಗಿದ ಮೇಲೆ, ಗುರುವಾರ ಏನು ಹೇಳುತ್ತೀ ಎಂದಳು. ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅನ್ನಾಕ ಏನೈತಿ ಬೇ? ಕ್ಯಾನಿನ ನೀರ ಕುಡದೇನಿ ಅಂತ ಹೇಳಿ ಹಲ್ಲ ಉಳಿಸ್ಕೊ. ಮೂವತ್ತೊಂದ ವರ್ಷ ಕೀಲಿ ಹಾಕ್ಕೊಂಡ ಕುಡದಾಳ ಅಕಿ. ಇನ್ನೊಂದ ನಾಕ ವರ್ಷ ಕುಡಿಲಿ ಬಿಡು."

ಹನುಮೇಶನ ಕೆಲಸ ಹೋಗುತ್ತದೆ ಎಂದೆ. ನಿನ್ನನ್ನು ಓಣಿಯಲ್ಲಿ ಬೊಚ್ಚಿ ಎಂದು ಕೂಗಿದವನಲ್ಲವೇ ಎಂದಳು. ಆಮೇಲೆ ಅವಳ ದನಿ ಬದಲಾಯಿತು.

"ಹಂಗಾರ ಆ ಬಾವಿ ನಮ್ಮ ಪಾಲಿಗೆ ಬಂದಿದ್ದರೂ ನನ್ನ ಕಾಲ ಹಿಂಗ ಆಗ್ತಿದ್ದುವು."

"ಹೂಂ. ಇದಕಿಂತ ಲಗೂನ ಆಗ್ತಿದ್ದುವು."

"ಇಷ್ಟ ದಿನ ಅಕಿನ್ನ ಬೈಕೋತ ಕಾಲ ಎಳಕೊಂಡ ಬಂದೆ. ಇನ್ನ ಯಾರನ್ನ ಬೈಕೋತ ಎಳಿಲಿ ಹೇಳು?"

ಅವಳು ಯಂತ್ರದ ಗುಂಡಿ ಒತ್ತಿ ಜೋರಾಗಿ ಓಡಿಸಿದಳು. ಆ ಕುಪ್ಪಸದ ತೋಳು ಸೊಟ್ಟಗಾಯಿತು, ಬಿಚ್ಚಿದಳು, ಮತ್ತೆ ಸೊಟ್ಟಗೆ ಹೊಲಿದಳು. ಅಂದು ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಪಂಚಾಯಿತಿಗೆ ಹೋದೆ. ಹೆಸರು ಹೇಳದೆ, ಒಬ್ಬರ ಬಾವಿ ಕೆಟ್ಟಿರಬಹುದು, ಪರೀಕ್ಷೆ ಮಾಡುತ್ತೀರಾ ಎಂದು ಕೇಳಿದೆ. ಖಾಸಗಿ ಬಾವಿಯಾದರೆ ಮಾಲೀಕರೇ ಅರ್ಜಿ ಕೊಡಬೇಕು ಎಂದರು. ಹೊರಗೆ ಬಂದಾಗ ಒಬ್ಬನು ಇನ್ನೊಬ್ಬನಿಗೆ, ಮುದುಕಿಗೆ ಇನ್ನೂ ವಾರಗಿತ್ತಿಯ ಬಾವಿಯ ಚಿಂತೆ ಎನ್ನುತ್ತಿದ್ದುದು ಕೇಳಿಸಿತು. ಹೆಸರು ಹೇಳದಿದ್ದರೂ ಊರಿಗೆ ನನ್ನ ಜಗಳ ಬಾಯಿಪಾಠವಾಗಿತ್ತು.

ಮನೆಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಯೋಚನೆ ಮಾಡಿದೆ. ನನಗೆ ಫಕೀರವ್ವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಸಿಹಿ ನೀರೆಂದು ತಿಳಿದೇ ಅವಳು ನನ್ನ ಕೂಸಿಗೆ ಎರಡು ಕೊಡ ಕೊಡದೆ ಹೋದಳು. ನೀರು ಕೆಟ್ಟದ್ದಾಗಿತ್ತು ಎಂದು ಆ ಮನಸ್ಸು ಒಳ್ಳೆಯದಾಗುವುದಿಲ್ಲ. ಆದರೆ ನನ್ನ ಬಾಯಿಯ ಬಲ ಎಂದು ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ನೀರಿನ ಕೆಲಸ. ಆ ಬಾವಿ ನನ್ನ ವೈರಿಯನ್ನು ನನ್ನನ್ನು ಕೇಳದೆ ಕೊಲ್ಲುತ್ತಿತ್ತು, ಹೆಸರು ಮಾತ್ರ ನನಗೆ ಬರುತ್ತಿತ್ತು. ಈಗ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡರೆ ಆಗ ಕೊಲ್ಲುವವಳು ನಿಜವಾಗಿಯೂ ನಾನೇ ಆಗುತ್ತೇನೆ.

ಗುರುವಾರ ಮುಂಜಾನೆ ಒಂದು ಎಳೆ ಸೌತೆಕಾಯಿ ತೊಳೆದು, ಆ ಎರಡು ಹಲ್ಲಿನಿಂದ ಕಚ್ಚಿದೆ. ಮೇಲಿನ ಒಸಡಿಗೆ ಒತ್ತಿ ಒತ್ತಿ ಕಚ್ಚಬೇಕು. ಕಟಕ್ ಎಂದಿತು. ಹತ್ತೊಂಬತ್ತು ವರ್ಷದಿಂದ ನನ್ನ ತಲೆಯೊಳಗೆ ಆ ಸಪ್ಪಳ ಕೇಳಿರಲಿಲ್ಲ. ಪೂರ್ತಿ ತಿಂದು ಬಾಯಿ ಒರೆಸಿಕೊಂಡು ಹೊರಟೆ.

ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಣ್ಣು, ಮೂರು ದಿನ, ಬಾವಿ, ಮಗಳು ಮುಚ್ಚಳ ತೆಗೆದದ್ದು. ಅವಳ ಮುಖ ಕೆಂಪಾಯಿತು. ಹತ್ತು ತಿಂಗಳಿಂದ ನಿಮ್ಮ ಹಲ್ಲಿನ ಮೇಲೆ ನಾನು ಬರೆದ ಬರಹವೆಲ್ಲ ನೀರುಪಾಲಾಯಿತು ಎಂದಳು.

ಆ ಬಾವಿಯ ನೀರನ್ನು ಒಮ್ಮೆ ತರಿಸಿ ನೋಡು ತಾಯಿ, ಅಲ್ಲೊಬ್ಬಳು ಅದನ್ನೇ ಕುಡಿಯುತ್ತಿದ್ದಾಳೆ ಎಂದು ಕೇಳಿದೆ.

"ಅದು ನನ್ನ ಕೆಲಸ ಅಲ್ಲ. ನನಗೆ ಹದಿನೆಂಟು ಬಾಯಿ ಕೊಟ್ಟಿದ್ದಾರೆ, ಈಗ ಹದಿನೇಳು" ಎಂದು ಸೂಜಿ ಕೈಗೆ ತೆಗೆದುಕೊಂಡಳು.

ಕೈ ಮಾತ್ರ ಚೊಕ್ಕ. ನೋವಾಗಲಿಲ್ಲ. ದವಡೆಯೊಳಗಿಂದ ಇನ್ನೂ ಹೊರಗೆ ಬಾರದ ಇಪ್ಪತ್ತಾರನ್ನು ಹಸಿ ಕಾಯಿಯಿಂದ ಕಡಲೆ ಬಿಡಿಸಿದಂತೆ ಬಿಡಿಸಿದಳು. ಕೊನೆಗೆ ಹುಟ್ಟಿದ ಎರಡನ್ನು ತಿರುವಿ ಎಳೆದಳು. ತಟ್ಟೆಯಲ್ಲಿ ಇಪ್ಪತ್ತೆಂಟು ಇವೆಯೇ ಎಂದು ಎಣಿಸಿ ಬರೆದುಕೊಂಡರು. ಸುಡುವ ಚೀಲಕ್ಕೆ ಹಾಕಲು ತಟ್ಟೆಯನ್ನು ನನ್ನ ಮಗ್ಗುಲಲ್ಲೇ ಇಟ್ಟಿದ್ದರು. ನನಗೊಂದು ಹಲ್ಲು ಕೊಡು ಎಂದು ಕೇಳಿದೆ. ಎಲ್ಲ ಕೇಂದ್ರದ ಆಸ್ತಿ ಎಂದಳು, ಕೈ ತೊಳೆಯಲು ಆಚೆ ತಿರುಗಿದಳು.

ಮುಂಭಾಗದ ಹಲ್ಲೊಂದನ್ನು ತೆಗೆದುಕೊಂಡು ಹತ್ತಿಯ ಜೊತೆ ಕೆನ್ನೆಯೊಳಗೆ ಇಟ್ಟುಕೊಂಡೆ. ಹೊರಬಾಗಿಲಲ್ಲಿ ಯಂತ್ರದಿಂದ ನನ್ನ ಚೀಲ, ಸೊಂಟ, ಸೆರಗು ಎಲ್ಲ ನೋಡಿದರು. ಬಾಯಿಯೊಳಗೆ ಹಲ್ಲಿದ್ದರೆ ಕಳವು ಎಂದು ಯಾವ ಯಂತ್ರ ಹೇಳೀತು?

ಹನುಮೇಶ ಗಾಡಿಯಲ್ಲಿ ಕರೆದುಕೊಂಡು ಬಂದ. ಮೊದಲೇ ಹೇಳಿದ್ದರೆ ಎರಡು ದಿನದ ನಿದ್ದೆಯಾದರೂ ಉಳಿಯುತ್ತಿತ್ತು ಎಂದು ಗೊಣಗಿದ. ಹೊಲದ ಮನೆಯ ತಿರುವಿನಲ್ಲಿ ಇಳಿಸು ಎಂದಾಗ ನನ್ನ ಮುಖವನ್ನೇ ನೋಡಿದ, ಇಳಿಸಿ ಹೋದ.

ಫಕೀರವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಅಂಗಳಕ್ಕೆ ಕಾಲಿಟ್ಟಾಗ ಮೈಯನ್ನೆಲ್ಲ ತಿರುಗಿಸಿ ನೋಡಿದಳು. ಬಾ ಅನ್ನಲಿಲ್ಲ. ಗೋಡೆ ಹಿಡಿದು ಎದ್ದು, ಒಳಗೆ ಹೋಗಿ, ತಂಬಿಗೆ ತುಂಬ ನೀರು ತಂದು, ಅದರ ಬಾಯಿಯ ಮೇಲೆ ಒಂದು ಚೂರು ಬೆಲ್ಲ ಇಟ್ಟು ಕಟ್ಟೆಯ ಮೇಲೆ ಇಟ್ಟಳು. ವೈರಿಗೆ ಕೊಡಬೇಕಾದದ್ದನ್ನು ಕೊಟ್ಟಳು. ನನ್ನ ಬಾತ ಬಾಯಿ ನೋಡಿ, ಮತ್ತ ಬೊಚ್ಚ ಆದಿ ಎಂದಳು. ಮೂವತ್ತೊಂದು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

"ಈ ಬಾವಿ ನೀರ ಕುಡಿಬ್ಯಾಡ ಫಕೀರವ್ವ" ಎಂದೆ. ಬಾಯಿ ಮರಗಟ್ಟಿತ್ತು, ಮಾತು ತೊದಲಿತು.

"ಇಷ್ಟ ವರ್ಷ ಬರೇ ಕಣ್ಣ ಹಾಕಿದ್ದಿ. ಗಂಡ ಹೋದ ಅಂತ ಈಗ ಬಾಯಿ ಹಾಕಾಕ ಬಂದಿ?"

ಯಂತ್ರ ಹೇಳಿದ್ದನ್ನು ಹೇಳಿದೆ. ಅವಳು ತುಟಿಗಳನ್ನು ಎಳೆದು ಹಲ್ಲು ತೋರಿಸಿದಳು. ನೀರು ಕೆಟ್ಟದ್ದಾಗಿದ್ದರೆ ಇವು ಹೀಗೆ ಇರುತ್ತಿದ್ದವೇ ಎಂದು ಕೇಳಿದಳು.

"ಅವು ಹೊಳಿ ನೀರಿನ ಹಲ್ಲ. ನೀ ತವರಿಂದ ತಂದಾಕಿ. ಕುತ್ತಿಗಿ ಇಲ್ಲಿದು."

"ಕುತ್ತಿಗಿ ನಿನ್ನ ಬಾಯಾಗಿಂದು. ಇದ ಅಂಗಳದಾಗ ನಿಂತ ಅಂದಿದ್ದಿ. ಮರತಿಲ್ಲ ನಾ."

"ಅಂದಾಕಿ ನಾನ. ಮಾಡಿದ್ದು ನೀರು."

ಅವಳ ಕಣ್ಣು ಕಿರಿದಾದವು. ನನ್ನನ್ನು ನಂಬುವುದಕ್ಕೆ ಅವಳಲ್ಲಿ ಒಂದು ಕಾರಣವೂ ಇರಲಿಲ್ಲ, ನಾನೂ ಅಂಥದ್ದೊಂದನ್ನು ಎಂದೂ ಕೊಟ್ಟವಳಲ್ಲ. ಕೆನ್ನೆಯೊಳಗಿನ ಹತ್ತಿ ಬಿಚ್ಚಿ ಹಲ್ಲನ್ನು ಅಂಗೈಯಲ್ಲಿ ಇಟ್ಟು ಹಿಡಿದೆ. ಅವಳಿಗೆ ಕೆಳಗೆ ಬಗ್ಗಿ ನೋಡಲು ಬರುವುದಿಲ್ಲ. ಕಟ್ಟೆ ಹತ್ತಿ ಅವಳ ಎದುರು ಕುಳಿತು, ಕೈಯನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿದೆ. ಪೊರೆ ಬಂದ ಕಣ್ಣು, ಕಾಣಲಿಲ್ಲ. ಹಲ್ಲನ್ನು ಬೆರಳಲ್ಲಿ ಹಿಡಿದು ಸೆರಗಿನಿಂದ ರಕ್ತ ಒರೆಸಿ, ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಗೆ ಮೆಲ್ಲಗೆ ಎಳೆದಳು. ನುಣ್ಣಗೆ ಜಾರುತ್ತಿದ್ದ ಉಗುರು ಒಂದು ಕಡೆ ಸಿಕ್ಕಿತು. ಮತ್ತೆ ಸಿಕ್ಕಿತು. ಮತ್ತೊಮ್ಮೆ.

ಮುಂದೆ ನುಣುಪು.

ಇನ್ನೊಮ್ಮೆ ಎಳೆದು ನೋಡಿದಳು. ಮೂರು ಎಂದಳು. ಹೂಂ, ಮೂರು ದಿನ ಎಂದೆ. ಆ ಮೂರು ದಿನ ಯಾವುವು ಎಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ಮಿಕ್ಕ ದಿನವೆಲ್ಲ ಕ್ಯಾನಿನ ನೀರು ಎಂದು ಅವಳಿಗೂ ಗೊತ್ತಿತ್ತು, ಹನುಮೇಶನ ಕೂಗು ಹೊಲದವರೆಗೆ ಕೇಳುತ್ತಿತ್ತು.

ಉಳಿದ ಹಲ್ಲುಗಳನ್ನು ಏನು ಮಾಡಿದರು ಎಂದು ಕೇಳಿದಳು. ಸುಟ್ಟರು ಎಂದೆ. ಸುಳ್ಳು ಹೇಳಿ ಉಳಿಸಿಕೊಳ್ಳಬಹುದಿತ್ತಲ್ಲ ಎಂದಳು. ಬಹುದಿತ್ತು ಎಂದೆ.

ನೀಲವ್ವನ ಹೆಸರು ಅವಳ ಬಾಯಿಯವರೆಗೆ ಬಂತು, ನನಗೆ ಕಾಣಿಸಿತು. ಅದನ್ನು ಆಡಲಿಲ್ಲ. ಆಡಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ.

ಹಲ್ಲನ್ನು ನನಗೆ ಮರಳಿ ಕೊಡಲಿಲ್ಲ, ಸೊಂಟದ ಎಲೆಅಡಿಕೆಯ ಚೀಲದಲ್ಲಿ ಹಾಕಿಕೊಂಡಳು. ಹೊರಗೆ ಬಿಸಿಲು ಬೆಂಕಿಯಂತಿತ್ತು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಬಾಯಿಯೆಲ್ಲ ರಕ್ತದ ರುಚಿ. ಅವಳು ಅದನ್ನು ನೋಡಿದಳು, ನಮ್ಮಿಬ್ಬರ ನಡುವೆ ಇದ್ದ ತಂಬಿಗೆಯನ್ನೂ ನೋಡಿದಳು. ಮೈಯನ್ನೆಲ್ಲ ತಿರುಗಿಸಿ, ಅದರ ಮೇಲಿನ ಬೆಲ್ಲವನ್ನು ಬದಿಗೆ ಇಟ್ಟು, ತಂಬಿಗೆ ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿಯಿತು.

"ಬಿಸಿಲೈತಿ" ಎಂದಳು. "ಇಳಿಯೂಮಟ ಕುಂಡ್ರು."

ಕುಳಿತೆ. ಇಬ್ಬರ ಬಾಯಿಯೂ ಒಣಗಿತ್ತು.